ಮನೆಯ ವೈಫೈಗೆ ಭದ್ರತೆ

ಶಿವಮೊಗ್ಗದ ಒತ್ತೊತ್ತಾದ ಬಡಾವಣೆಗಳಲ್ಲಿ ನಿಮ್ಮ ವೈಫೈ ಸಿಗ್ನಲ್ ಪಕ್ಕದ ಮನೆಗೂ ಬೀದಿಗೂ ಸಲೀಸಾಗಿ ತಲುಪುತ್ತದೆ. ಮೊದಲಿಗೆ ರೂಟರ್‌ನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿನ ವಿಳಾಸವನ್ನು (ಅದು ಹಲವು ರೂಟರ್‌ಗಳಲ್ಲಿ 192.168.1.1 ಎಂದಿರುತ್ತದೆ) ಬ್ರೌಸರ್‌ನಲ್ಲಿ ತೆರೆದು, ವೈಫೈ ಪಾಸ್‌ವರ್ಡ್ ಜೊತೆಗೆ, ರೂಟರ್‌ನ ಸೆಟ್ಟಿಂಗ್ ಪುಟದೊಳಗೆ ಹೋಗಲು ಬೇಕಾದ, ಬಹುತೇಕರು ಮರೆತುಬಿಡುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ. ಭದ್ರತೆಯ ವಿಧಾನಗಳ ಪಟ್ಟಿಯಲ್ಲಿ 2018ರಲ್ಲಿ ಬಂದ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನುಗಳು ಅದಕ್ಕೆ ಹೊಂದದಿದ್ದರೆ ಡಬ್ಲ್ಯೂಪಿಎ2 ಸಾಕು. ವೈಫೈ ಪಾಸ್‌ವರ್ಡ್ ಟೈಪಿಸದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಸಾಧನಗಳನ್ನು ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಆಫ್ ಮಾಡಿ, ಏಕೆಂದರೆ ಅದರ 8 ಅಂಕಿಗಳ ಪಿನ್ ಅನ್ನು ಭೇದಿಸುವುದು ಕಷ್ಟವೇನಲ್ಲ. ವೈಫೈ ಹೆಸರನ್ನು ಅಡಗಿಸಿಡುವುದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಕೊಡುವುದು ಒಳಿತು. ಮಲೆನಾಡಿನ ಗುಡುಗು ಸಿಡಿಲಿಗೆ ರೂಟರ್ ಕೈಕೊಟ್ಟು, ದುರಸ್ತಿಗೆ ಬಂದವರು ರೀಸೆಟ್ ಗುಂಡಿಯನ್ನು ಒತ್ತಿಹಿಡಿದರೆ ಈ ಬದಲಾವಣೆಗಳೆಲ್ಲ ಅಳಿಸಿಹೋಗುವುದರಿಂದ, ಅವರು ಹೊರಟ ಕೂಡಲೇ ಎಲ್ಲವನ್ನೂ ಮತ್ತೆ ಹೊಂದಿಸಬೇಕು.