ಪದೇ ಪದೇ ಹೊಟ್ಟೆನೋವು ಅನ್ನುವ ಮಗು: ಅಪ್ಪ ಅಮ್ಮ ಏನು ಮಾಡಬೇಕು?

ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ಜಂತುಹುಳುವಿನ ಮಾತ್ರೆಯೂ ಆಯಿತು. ರಿಪೋರ್ಟ್ ಎಲ್ಲ ನಾರ್ಮಲ್. ಆದರೂ ಯೂನಿಫಾರ್ಮ್ ಹಾಕುವ ಹೊತ್ತಿಗೆ ಮಗು ಹೊಕ್ಕುಳ ಮೇಲೆ ಕೈ ಇಟ್ಟುಕೊಂಡು ಮುದುರಿ ಕೂರುತ್ತದೆ. "ಸ್ಕೂಲ್ ತಪ್ಪಿಸೋಕೆ ನಾಟಕ" ಎಂದು ಒಬ್ಬರು ರೇಗುತ್ತಾರೆ. "ಪಾಪ, ಮಲಗಲಿ ಬಿಡೇ" ಎಂದು ಅಜ್ಜಿ ಹೊದಿಕೆ ಹೊದಿಸುತ್ತಾರೆ. ಇಬ್ಬರಿಗೂ ಮಗುವಿನ ಮೇಲೆ ಪ್ರೀತಿಯೇ. ಆದರೆ ರೇಗಿದರೂ ನೋವು ಹೋಗುವುದಿಲ್ಲ, ಮಲಗಿಸಿದರೂ ಹೋಗುವುದಿಲ್ಲ.

ಇಂಥ ಮಕ್ಕಳು ತುಂಬ ಇದ್ದಾರೆ. 1950ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು ಸಾವಿರ ಶಾಲಾ ಮಕ್ಕಳನ್ನು ವಿಚಾರಿಸಿದರು. ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಮಗುವಿಗೆ ಹೀಗೆ ಮರುಕಳಿಸುವ ಹೊಟ್ಟೆನೋವು ಇತ್ತು. ಇವತ್ತು ವೈದ್ಯರು ಮೂರು ತಿಂಗಳಿಗೂ ಜಾಸ್ತಿ ಇರುವ, ಅಥವಾ ಹೋಗಿ ಬಂದು ಮಾಡುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ತಲೆನೋವು, ಬೆನ್ನುನೋವು, ಕೈಕಾಲು ನೋವು ಎಲ್ಲವೂ ಇದರಲ್ಲಿ ಬರುತ್ತವೆ. ಇಲ್ಲಿ ಹೊಟ್ಟೆನೋವನ್ನೇ ಮುಂದಿಟ್ಟುಕೊಂಡು ನೋಡೋಣ. ಉಳಿದ ನೋವುಗಳಿಗೂ ಮನೆಯಲ್ಲಿ ಮಾಡಬೇಕಾದದ್ದು ಬಹುಪಾಲು ಇದೇ.

ಮೊದಲು ಡಾಕ್ಟರು, ಒಂದು ಸಲ ಸರಿಯಾಗಿ

ಮಕ್ಕಳ ತಜ್ಞರ ಬಳಿ ಹೋಗುವ ಮುಂಚೆ ಒಂದು ವಾರ ಬರೆದಿಡಿ. ನೋವು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮಗು ಏನು ತಿಂದಿತ್ತು, ಹೊಟ್ಟೆ ಸರಿಯಾಗಿ ಹೋಗಿತ್ತಾ, ಎಷ್ಟು ನಿದ್ದೆ ಆಗಿತ್ತು. ಇಷ್ಟು ಸಾಕು.

ಕೆಲವು ಲಕ್ಷಣ ಇದ್ದರೆ ತಡ ಮಾಡುವಂತಿಲ್ಲ. ತೂಕ ಇಳಿಯುವುದು, ಬೆಳವಣಿಗೆ ನಿಧಾನವಾಗುವುದು, ನೋವಿಗೆ ರಾತ್ರಿ ನಿದ್ದೆಯಿಂದ ಏಳುವುದು, ಮಲದಲ್ಲಿ ರಕ್ತ, ಬಿಡದ ವಾಂತಿ, ಹಸಿರು ವಾಂತಿ, ಕಾರಣ ಗೊತ್ತಾಗದ ಜ್ವರ, ಕೀಲು ಊತ. ಹೊಕ್ಕುಳಿನಿಂದ ದೂರ, ಒಂದೇ ಜಾಗದಲ್ಲಿ ಕಾಡುವ ನೋವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹುಡುಗರಿಗೆ ಕೆಳಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ವೃಷಣ ತಿರುಚಿಕೊಂಡಿರಬಹುದು. ಹುಡುಗರು ನಾಚಿಕೆಯಿಂದ ಹೇಳುವುದಿಲ್ಲ, ನೀವೇ ಕೇಳಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಇನ್ನು ಹುಡುಗಿಯರಿಗೆ ಪ್ರತಿ ತಿಂಗಳು ಮುಟ್ಟಿನ ನೋವಿಗೆ ಶಾಲೆ ತಪ್ಪುತ್ತಿದ್ದರೆ "ಎಲ್ಲರಿಗೂ ಇರೋದೇ" ಎಂದು ಸುಮ್ಮನಿರಿಸಬೇಡಿ. ಅದಕ್ಕೂ ಚಿಕಿತ್ಸೆ ಇದೆ.

ಇವ್ಯಾವುವೂ ಇಲ್ಲ, ಡಾಕ್ಟರು ಪರೀಕ್ಷೆ ಮಾಡಿ ಭಯಪಡುವಂಥದ್ದೇನಿಲ್ಲ ಅಂದರು. ಆಗ ಅಲ್ಲಿಗೆ ನಿಲ್ಲಿಸಿ. ಒಬ್ಬರಿಂದ ಇನ್ನೊಬ್ಬರ ಬಳಿಗೆ, ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ಓಡುತ್ತಿದ್ದರೆ "ನನಗೇನೋ ದೊಡ್ಡ ಕಾಯಿಲೆ ಇದೆ, ಯಾರಿಗೂ ಸಿಗ್ತಿಲ್ಲ" ಎಂದು ಮಗು ನಂಬಿಬಿಡುತ್ತದೆ. ಒಬ್ಬರೇ ಡಾಕ್ಟರನ್ನು ಹಿಡಿದುಕೊಂಡು, ಅವರು ಹೇಳಿದ ದಿನ ಮತ್ತೆ ತೋರಿಸಿ.

ನೋವು ನಿಜ ಎಂದು ಮಗುವಿಗೆ ಹೇಳಿ

ರಿಪೋರ್ಟ್ ನಾರ್ಮಲ್ ಅಂದರೆ ನೋವು ಸುಳ್ಳು ಅಂತಲ್ಲ. ಕರುಳು ಮತ್ತು ಮೆದುಳಿನ ನಡುವೆ ನರಗಳ ಮೂಲಕ ಸದಾ ಸುದ್ದಿ ಓಡಾಡುತ್ತಿರುತ್ತದೆ. ಹೊಟ್ಟೆಯ ಸೋಂಕು, ಮಲಬದ್ಧತೆ, ಜಾಸ್ತಿ ದಿನದ ಆತಂಕ, ಇಂಥ ಯಾವುದಾದರೂ ಆದ ಮೇಲೆ ಕೆಲವು ಮಕ್ಕಳಲ್ಲಿ ಈ ನರಗಳು ತೀರಾ ಸೂಕ್ಷ್ಮವಾಗುತ್ತವೆ. ಅನಿಲ ತುಂಬುವುದು, ಕರುಳು ಹಿಗ್ಗುವುದು ಎಲ್ಲರಿಗೂ ಆಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಈ ಮಕ್ಕಳಿಗೆ ಅದೇ ನೋವಾಗುತ್ತದೆ.

ಎಂಟು ವರ್ಷದ ಮಗುವಿಗೆ ಹೀಗೆ ಹೇಳಬಹುದು: "ಪಕ್ಕದ ಮನೆ ಕಾರಿನ ಮೇಲೆ ಬೆಕ್ಕು ಹಾರಿದ್ರೂ ಅಲಾರಂ ಹೊಡ್ಕೊಳ್ಳುತ್ತಲ್ವಾ? ಅಲಾರಂ ಕೂಗೋದು ನಿಜ, ಆದ್ರೆ ಕಳ್ಳ ಬಂದಿಲ್ಲ. ನಿನ್ನ ಹೊಟ್ಟೆನೂ ಹಂಗೇ." ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. "ನಿಂಗೇನೂ ಆಗಿಲ್ಲ" ಅನ್ನಬೇಡಿ. ಆ ಮಾತು ಕೇಳಿದರೆ ಮಗುವಿಗೆ ನೀವು ಅದನ್ನು ನಂಬುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ನಂಬಿಸುವುದಕ್ಕೇ ಅದು ನೋವನ್ನು ಜೋರಾಗಿ ತೋರಿಸಬೇಕಾಗುತ್ತದೆ.

"ನೋವು ಹೇಗಿದೆ?" ಎಂದು ಪದೇ ಪದೇ ಕೇಳಬೇಡಿ

ಈ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯವೂ ಹೌದು. 2006ರಲ್ಲಿ ಅಮೆರಿಕದ ಲಿನ್ ವಾಕರ್ ಮತ್ತು ಅವರ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮಕ್ಕಳಿಗೆ ಹೊಟ್ಟೆ ಬಿಗಿಯುವಷ್ಟು ನೀರು ಕುಡಿಸಿದರು. ಆಮೇಲೆ ಕೆಲವು ಅಪ್ಪ ಅಮ್ಮಂದಿರಿಗೆ ನೋವನ್ನೇ ವಿಚಾರಿಸಿ ಸಮಾಧಾನ ಮಾಡಿ ಎಂದರು, ಕೆಲವರಿಗೆ ಮಾತನ್ನು ಬೇರೆ ಕಡೆ ತಿರುಗಿಸಿ ಎಂದರು, ಇನ್ನು ಕೆಲವರಿಗೆ ಏನೂ ಹೇಳಲಿಲ್ಲ. ಏನೂ ಹೇಳದ ಗುಂಪಿಗೆ ಹೋಲಿಸಿದರೆ, ವಿಚಾರಿಸಿದ ಗುಂಪಿನಲ್ಲಿ ಮಕ್ಕಳ ದೂರು ಹತ್ತಿರ ಹತ್ತಿರ ಎರಡರಷ್ಟಾಯಿತು. ಮಾತು ತಿರುಗಿಸಿದ ಗುಂಪಿನಲ್ಲಿ ಅರ್ಧಕ್ಕೆ ಇಳಿಯಿತು. ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿಷಯ. ಮಾತು ತಿರುಗಿಸಿದರೆ ಮಗುವಿಗೆ ಬೇಜಾರಾಗಬಹುದು ಎಂದು ಅಪ್ಪ ಅಮ್ಮ ಹೆದರಿದ್ದರು. ಮಕ್ಕಳು ಹೇಳಿದ್ದೇ ಬೇರೆ, ಅದರಿಂದ ಹಾಯಾಯಿತು ಅಂತ.

ಹಾಗಂತ ಮಗು ಹೇಳಿದ್ದು ಕಿವಿಗೇ ಬೀಳಲಿಲ್ಲ ಅನ್ನುವಂತೆ ಇರುವುದಲ್ಲ. ಒಂದು ಸಲ ಕೇಳಿಸಿಕೊಳ್ಳಿ, ಒಂದು ಸಲ ಒಪ್ಪಿಕೊಳ್ಳಿ, ಕೂಡಲೇ ಮುಂದಿನ ಕೆಲಸಕ್ಕೆ ಕರೆಯಿರಿ.

"ಅಮ್ಮಾ, ಹೊಟ್ಟೆ ನೋಯ್ತಿದೆ."

"ಹೌದಾ ಪುಟ್ಟ. ಬಾ, ಇಬ್ಬರೂ ಸೇರಿ ಉಸಿರು ಬಿಡೋಣ. ಆಮೇಲೆ ಶೂ ಹಾಕು."

"ತುಂಬಾ ನೋಯ್ತಿದೆ."

"ಗೊತ್ತು ಕಣೋ. ಶೂ ನಾನು ಹಿಡ್ಕೋತೀನಿ, ಲೇಸ್ ನೀನು ಕಟ್ಟು. ಇವತ್ತು ವ್ಯಾನಲ್ಲಿ ಯಾರ ಪಕ್ಕ ಕೂತ್ಕೋತೀಯ?"

ಮಗು ನಕ್ಕಾಗ, ಆಡುವಾಗ, ನೋವಿದ್ದರೂ ಊಟ ಮುಗಿಸಿದಾಗ ಹತ್ತಿರ ಹೋಗಿ ಮಾತಾಡಿಸಿ. ನಿಮ್ಮ ಗಮನ ಅಲ್ಲಿಗೆ ಹೋಗಲಿ.

ಉಸಿರಾಟ ಕಲಿಸುವುದು ಸುಲಭ. ಹೊಟ್ಟೆಯ ಮೇಲೆ ಕೈ ಇಟ್ಟು, ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆದುಕೊಂಡು, ಆರು ಎಣಿಸುತ್ತಾ ನಿಧಾನವಾಗಿ ಬಿಡುವುದು. ನೋವಿಲ್ಲದ ಹೊತ್ತಲ್ಲಿ, ರಾತ್ರಿ ಮಲಗುವಾಗ ಐದು ನಿಮಿಷ ಅಭ್ಯಾಸ ಮಾಡಿಸಿ. ನೋವು ಬಂದಾಗಲೇ ಕಲಿಸಲು ಹೋದರೆ ಆಗುವುದಿಲ್ಲ.

ಶಾಲೆಗೆ ವಾಪಸ್

ನೋವು ಪೂರ್ತಿ ಹೋದ ಮೇಲೆ ಶಾಲೆ ಎಂದು ಕಾಯುತ್ತಾ ಕೂತರೆ ತಿಂಗಳುಗಳೇ ಕಳೆಯುತ್ತವೆ. ಪಾಠ ಹಿಂದೆ ಬೀಳುತ್ತದೆ, ಗೆಳೆಯರು ದೂರವಾಗುತ್ತಾರೆ, ಆ ಚಿಂತೆಗೆ ನೋವು ಇನ್ನೂ ಹೆಚ್ಚುತ್ತದೆ. ಮಗು ಮೊದಲು ಶಾಲೆಗೆ, ಆಟಕ್ಕೆ ಮರಳಬೇಕು. ನೋವು ಇಳಿಯುವುದು ಸಾಮಾನ್ಯವಾಗಿ ಆಮೇಲೆ. ಅಪ್ಪ ಅಮ್ಮನಿಗೆ ಇದನ್ನು ಒಪ್ಪುವುದು ಸಂಕಟ, ನಿಜ.

ತುಂಬ ದಿನ ತಪ್ಪಿದ್ದರೆ ಒಂದೇ ಸಲಕ್ಕೆ ಪೂರ್ತಿ ದಿನ ಬೇಡ. ಮೊದಲ ವಾರ ಎರಡು ಪೀರಿಯಡ್, ಆಮೇಲೆ ಮಧ್ಯಾಹ್ನದ ಊಟದವರೆಗೆ, ಆಮೇಲೆ ಇಡೀ ದಿನ. ಎಷ್ಟು ಹೊತ್ತು ಅನ್ನುವುದು ಮುಂಚೆಯೇ ನಿಗದಿಯಾಗಿರಲಿ. ಅವತ್ತಿನ ನೋವು ನೋಡಿಕೊಂಡು ಬದಲಾಯಿಸಬೇಡಿ.

ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ನೋವು ಬಂದರೆ ಮಗು ಸ್ಟಾಫ್ ರೂಮಿನಲ್ಲೋ ಲೈಬ್ರರಿಯಲ್ಲೋ ಹತ್ತು ನಿಮಿಷ ಕೂತು ಮತ್ತೆ ತರಗತಿಗೆ ಹೋಗಲಿ. ಪ್ರತಿ ಸಲ ಮನೆಗೆ ಫೋನ್ ಬೇಡ ಎಂದು ಕೇಳಿಕೊಳ್ಳಿ. ಎಲ್ಲರ ಮುಂದೆ "ಇವತ್ತು ಹೊಟ್ಟೆನೋವು ಇಲ್ವಾ?" ಎಂದು ಕೇಳದಿರಲು ಟೀಚರಿಗೆ ಹೇಳುವುದನ್ನು ಮರೆಯಬೇಡಿ.

ಜ್ವರ, ವಾಂತಿ ಬಂದು ಮನೆಯಲ್ಲೇ ಇರಬೇಕಾದ ದಿನ ಟಿವಿ, ಮೊಬೈಲ್, ಬೇಕರಿ ತಿಂಡಿ ಇಲ್ಲ. ಇದು ಶಿಕ್ಷೆಯಲ್ಲ. ಮನೆಯಲ್ಲಿ ಉಳಿಯುವ ದಿನ ಹಬ್ಬದಂತೆ ಇರಬಾರದು, ಅಷ್ಟೇ.

ನೋವು ರಜೆಯಲ್ಲಿ ಇಲ್ಲ, ಭಾನುವಾರ ಸಂಜೆ ಶುರುವಾಗುತ್ತದೆ ಅಂದರೆ ಮಗು ಸುಳ್ಳು ಹೇಳುತ್ತಿದೆ ಎಂದಲ್ಲ. ಶಾಲೆಯಲ್ಲಿ ಏನೋ ಇದೆ ಎಂದು. ಯಾರಾದರೂ ಗೋಳು ಹೊಯ್ದುಕೊಳ್ಳುತ್ತಿರಬಹುದು, ಓದಲು ಬರೆಯಲು ತೊಡಕಿರಬಹುದು. ಶಾಲೆಯ ಶೌಚಾಲಯದ ಬಗ್ಗೆ ಮಾತ್ರ ಖಂಡಿತ ಕೇಳಿ. ಗಲೀಜಾಗಿದೆ, ಚಿಲಕವಿಲ್ಲ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುವ ಮಕ್ಕಳು ಎಷ್ಟೋ. ನೀರೂ ಕುಡಿಯುವುದಿಲ್ಲ. ಮಲ ಗಟ್ಟಿಯಾಗಿ ಹೊಟ್ಟೆ ನೋಯುತ್ತದೆ. ಇಂಥ ಕಡೆ ಮಗುವನ್ನಲ್ಲ, ಶೌಚಾಲಯವನ್ನು ಸರಿಮಾಡಿಸಬೇಕು. ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ.

ದಿನಚರಿ, ಮಾತ್ರೆ

ಬೆಳಿಗ್ಗೆ ತಿಂಡಿಯಾದ ಮೇಲೆ ಹತ್ತು ನಿಮಿಷ ಶೌಚಾಲಯದಲ್ಲಿ ಕೂರುವ ರೂಢಿ ಮಾಡಿಸಿ. ಕಮೋಡ್ ಆದರೆ ಕಾಲ ಕೆಳಗೆ ಪುಟ್ಟ ಸ್ಟೂಲ್ ಇಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿ ಇದ್ದರೂ ಬೇಕು. ದಿನವೂ ಮೈ ಆಡಬೇಕು, ಕುಂಟೆಬಿಲ್ಲೆಯಾದರೂ ಸರಿ, ಸೈಕಲ್ ಆದರೂ ಸರಿ.

ಮಾತ್ರೆಯ ವಿಷಯದಲ್ಲಿ ಹುಷಾರು. ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ನೀವೇ ಕೊಡಬೇಡಿ. ತಲೆನೋವಿಗೆ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳು ದಾಟಿಸಿ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು.

ಮನೆಮಂದಿ ಒಂದೇ ಮಾತು

ಅಪ್ಪ ಒಂದು, ಅಜ್ಜಿ ಒಂದು ಹೇಳಿದರೆ ಇದ್ಯಾವುದೂ ನಡೆಯುವುದಿಲ್ಲ. ಮಗು ಮಲಗಿದ ಮೇಲೆ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಅಜ್ಜಿ ದೃಷ್ಟಿ ತೆಗೆದರೆ ತೆಗೆಯಲಿ, ಬೆಳಿಗ್ಗೆ ಮಾತ್ರ ವ್ಯಾನ್ ಹತ್ತಿಸಲು ಅವರೂ ಕೈ ಜೋಡಿಸಲಿ. ನಿಮಗೇ ಸೊಂಟನೋವೋ ಮೈಗ್ರೇನೋ ಇದ್ದರೆ, ಅದನ್ನು ನೀವು ಹೇಗೆ ತಾಳಿಕೊಳ್ಳುತ್ತೀರಿ ಎಂದು ಮಗು ನೋಡುತ್ತಿರುತ್ತದೆ. ಹದಿಹರೆಯದವರಾದರೆ ಡಾಕ್ಟರ ಮುಂದೆ ಅವರೇ ಮಾತಾಡಲಿ. ಸ್ವಲ್ಪ ಹೊತ್ತು ನೀವು ಹೊರಗೆ ಕೂತರೂ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಶಾಲೆ ತಪ್ಪುತ್ತಿದ್ದರೆ, ಮಗು ಮಂಕಾಗಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ವ್ಯಾಯಾಮ, ಮನಶ್ಶಾಸ್ತ್ರೀಯ ಚಿಕಿತ್ಸೆ, ಔಷಧಿ ಮೂರಕ್ಕೂ ಜಾಗ ಇದೆ. "ನನ್ನ ಮಗುಗೆ ತಲೆ ಕೆಟ್ಟಿದೆಯಾ?" ಎಂದು ಗಾಬರಿಯಾಗಬೇಡಿ. ನೋವನ್ನು ನಿಭಾಯಿಸುವುದು ಹೇಗೆ ಎಂದು ಅಲ್ಲಿ ಕಲಿಸುತ್ತಾರೆ, ಅಪ್ಪ ಅಮ್ಮನಿಗೂ ಕಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಬೇರೆಯೇ ವಿಭಾಗವಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳನ್ನು ಗುರುತು ಹಾಕುವ ಬದಲು ಶಾಲೆಗೆ ಹೋದ ದಿನ, ಆಡಿದ ದಿನ ಗುರುತು ಹಾಕಿ. ನಡುವೆ ಒಂದೆರಡು ಕೆಟ್ಟ ವಾರ ಬಂದೇ ಬರುತ್ತವೆ, ಪರೀಕ್ಷೆಯ ಹೊತ್ತಲ್ಲಂತೂ ಖಂಡಿತ. ಆಗ ಮಾಡುತ್ತಿದ್ದುದನ್ನು ಬಿಡದೆ ಮುಂದುವರಿಸಿ. ಆದರೆ ಮೊದಲು ಇಲ್ಲದ ಹೊಸ ಲಕ್ಷಣ ಏನಾದರೂ ಕಂಡರೆ, ಮುಂದಿನ ತಾರೀಖಿಗೆ ಕಾಯದೆ ಡಾಕ್ಟರಿಗೆ ತೋರಿಸಿ.