ಗ್ಲಿಯೋಮಾ ದರ್ಜೆ ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಕ್ರಮ: ಕಲಬುರಗಿಯ ಸಂಶೋಧನಾ ವಿದ್ಯಾರ್ಥಿಗಳಿಗೆ

ಗ್ಲಿಯೋಮಾ ಎಂಬ ಮಿದುಳಿನ ಗೆಡ್ಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ 1ರಿಂದ 4ರವರೆಗೆ ದರ್ಜೆ ಕೊಡಲಾಗುತ್ತದೆ; ದರ್ಜೆ ಏರಿದಷ್ಟೂ ಗೆಡ್ಡೆ ಹೆಚ್ಚು ಉಗ್ರ. ಗೆಡ್ಡೆಯಲ್ಲಿರುವ ಲ್ಯಾಕ್ಟೇಟ್, ಕೋಲೀನ್‌ನಂಥ ಸಣ್ಣ ಅಣುಗಳನ್ನು ಅಳೆದು, ಪ್ಯಾಥಾಲಜಿಸ್ಟರು ಕೊಟ್ಟ ದರ್ಜೆಯನ್ನು ಆ ಅಳತೆಗಳಿಂದಲೇ ಊಹಿಸಲು ಕಂಪ್ಯೂಟರಿಗೆ ಕಲಿಸುವುದು ಇಲ್ಲಿನ ಕೆಲಸ. ಅದು ಕೆಡುವುದು ಹೆಚ್ಚಾಗಿ ಕಂಪ್ಯೂಟರಿನ ಮುಂದೆ ಕೂರುವ ಮೊದಲೇ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಎಂಬುದು ನನ್ನ ಅಭಿಪ್ರಾಯ.

ಮೊದಲು ನೈತಿಕ ಸಮಿತಿಯ ಅನುಮತಿಯನ್ನೂ ರೋಗಿಯ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. ಒಪ್ಪಿಗೆ ಪತ್ರ ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿಯಲ್ಲೂ ಇರಲಿ. ರೋಗನಿರ್ಣಯಕ್ಕೆ ಬೇಕಾದಷ್ಟು ಅಂಗಾಂಶ ಪ್ಯಾಥಾಲಜಿಗೆ ಹೋದ ಮೇಲೆ ಉಳಿದದ್ದಷ್ಟೇ ನಿಮ್ಮದು. ರಕ್ತ ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಗ್ಲೂಕೋಸ್ ಇಳಿದು ಲ್ಯಾಕ್ಟೇಟ್ ಏರುವುದರಿಂದ, ತುಣುಕನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಕತ್ತರಿಸಿದ ಹೊತ್ತನ್ನೂ ಹೆಪ್ಪುಗಟ್ಟಿಸಿದ ಹೊತ್ತನ್ನೂ ಬರೆದಿಟ್ಟು, −80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಫ್ರೀಜರಿಗೆ ಜನರೇಟರ್ ಲೈನ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ; ಅಳತೆಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುವುದಾದರೆ ಪ್ರಯಾಣದ ಎರಡು ಪಟ್ಟು ಹೊತ್ತಿಗೆ ಸಾಲುವಷ್ಟು ಡ್ರೈ ಐಸ್ ತುಂಬಿ. ಪಕ್ಕದ ಸೀಳನ್ನು ಪ್ಯಾಥಾಲಜಿಸ್ಟರಿಗೆ ತೋರಿಸಿ, ಅದು ಸತ್ತ ಅಂಗಾಂಶವಲ್ಲವೆಂದು ಖಾತ್ರಿಪಡಿಸಿಕೊಳ್ಳಿ.

ಅಳತೆಗೆ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಗುರುತಿಸುವ ವಿಧಾನ) ಆಗಲಿ, ಮಾಸ್ ಸ್ಪೆಕ್ಟ್ರೋಮೆಟ್ರಿ (ತೂಕದಿಂದ ಅಣುಗಳನ್ನು ಗುರುತಿಸುವ ವಿಧಾನ) ಆಗಲಿ ನಡೆಯುತ್ತದೆ. ಆದರೆ 2ನೇ ದರ್ಜೆಯವನ್ನು ಒಂದು ದಿನ, 4ನೇ ದರ್ಜೆಯವನ್ನು ಇನ್ನೊಂದು ದಿನ ಅಳೆದರೆ, ಯಂತ್ರದ ದಿನದಿನದ ವ್ಯತ್ಯಾಸವನ್ನೇ ಕಂಪ್ಯೂಟರು ಗೆಡ್ಡೆಯ ಗುಣವೆಂದು ಕಲಿತುಬಿಡುತ್ತದೆ.

ಎಡವುವ ಇನ್ನೊಂದು ಜಾಗ 2-ಹೈಡ್ರಾಕ್ಸಿಗ್ಲುಟಾರೇಟ್ ಎಂಬ ಅಣು. ಐಡಿಎಚ್ ಎಂಬ ಜೀನ್‌ನಲ್ಲಿ ಮ್ಯುಟೇಷನ್ (ಬದಲಾವಣೆ) ಆದ ಗೆಡ್ಡೆಗಳಲ್ಲಿ ಇದು ಶೇಖರವಾಗುತ್ತದೆ. ಅಂಥ ಆಸ್ಟ್ರೋಸೈಟೋಮಾ (ಗ್ಲಿಯೋಮಾದ ಒಂದು ಬಗೆ) 2, 3, 4 ಯಾವ ದರ್ಜೆಯದ್ದೂ ಆಗಿರಬಹುದು. ಮಾದರಿಯು (ಹೀಗೆ ಕಲಿತ ಕಂಪ್ಯೂಟರ್ ಮಾಡೆಲ್) ಮ್ಯುಟೇಷನ್ನನ್ನು ಹೇಳುತ್ತಿದೆಯೋ ದರ್ಜೆಯನ್ನು ಹೇಳುತ್ತಿದೆಯೋ ತಿಳಿಯಲು, ಮ್ಯುಟೇಷನ್ ಇರುವ ಗುಂಪಿನೊಳಗೇ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ರೋಗಿಗಳು ಕಡಿಮೆ, ಅಳೆದ ಅಣುಗಳು ಹೆಚ್ಚು ಇರುವಲ್ಲಿ, ಬಹಳಷ್ಟು ಉದಾಹರಣೆಗಳು ಬೇಕಾಗುವ ಡೀಪ್ ಲರ್ನಿಂಗ್‌ನ ಆಸೆ ಬಿಡಿ. ರ‍್ಯಾಂಡಮ್ ಫಾರೆಸ್ಟ್‌ನಂಥದ್ದು (ಹಲವು ಸರಳ ನಿರ್ಧಾರ-ವೃಕ್ಷಗಳ ಮತ ಕೂಡಿಸುವ ವಿಧಾನ) ಸಾಕು. ಒಬ್ಬ ರೋಗಿಯ ಎಲ್ಲ ತುಣುಕುಗಳೂ ಒಟ್ಟಾಗಿ ಕಲಿಕೆಯ ಪಾಲಿಗೋ ಪರೀಕ್ಷೆಯ ಪಾಲಿಗೋ ಹೋಗಲಿ, ಅಣುಗಳ ಆಯ್ಕೆಯೂ ಕಲಿಕೆಯ ಪಾಲಿನೊಳಗೇ ನಡೆಯಲಿ. 100ರಲ್ಲಿ 80 ಗೆಡ್ಡೆಗಳು 4ನೇ ದರ್ಜೆಯವಾಗಿದ್ದರೆ, ಎಲ್ಲಕ್ಕೂ 4 ಎನ್ನುವ ಮೊದ್ದು ಮಾದರಿಗೂ ಶೇ 80 ಅಂಕ ಸಿಗುತ್ತದೆ. ಆದ್ದರಿಂದ ಪ್ರತಿ ದರ್ಜೆಯ ಫಲಿತಾಂಶವನ್ನೂ ಬೇರೆಯಾಗಿ ಬರೆಯಬೇಕು. ಆಮೇಲೆ ಇನ್ನೊಂದು ಆಸ್ಪತ್ರೆಯ ಸ್ಯಾಂಪಲ್‌ಗಳ ಮೇಲೆ ಮಾದರಿಯನ್ನು ಓಡಿಸಿ. ಅಲ್ಲಿ ಫಲಿತಾಂಶ ಕುಸಿದರೆ, ಅಲ್ಗಾರಿದಮ್ ಬದಲಿಸುವ ಮೊದಲು ಎರಡೂ ಕಡೆ ಹೆಪ್ಪುಗಟ್ಟಿಸಿದ ಹೊತ್ತಿನ ಪಟ್ಟಿಗಳನ್ನು ಹೋಲಿಸಿ ನೋಡಿ.