ಗೋಡೆಯ ಮೇಲಿನ ಮಣ್ಣಿನ ಗೆರೆ ಒರೆಸುವ ಮುನ್ನ

ಬಾಗಿಲ ಚೌಕಟ್ಟಿನ ಪಕ್ಕ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಹೆಚ್ಚಿನವರು ಅದನ್ನು ಕೆರೆದು ಸೀಮೆಎಣ್ಣೆ ಹಾಕುತ್ತಾರೆ. ಗೆರೆ ಹೋಯಿತು, ಗೆದ್ದಲೂ ಹೋಯಿತು ಅನ್ನಿಸುತ್ತದೆ. ಹೋದದ್ದು ಅದರ ದಾರಿ ಮಾತ್ರ. ಮೆತ್ತನೆ ಮೈಯ ಈ ಹುಳು ಒಣ ಗಾಳಿಯಲ್ಲಿ ಬದುಕದು. ಅದಕ್ಕೇ ಮಣ್ಣಿಗೆ ಎಂಜಲು, ಹಿಕ್ಕೆ ಕಲಸಿ ಸುರಂಗ ಕಟ್ಟಿಕೊಳ್ಳುತ್ತದೆ. ಗೂಡು ಸಾಮಾನ್ಯವಾಗಿ ನೆಲದೊಳಗೆ.

ಗೆರೆಯ ನಡುವೆ ಎರಡು ಬೆರಳಗಲ ಮಾತ್ರ ಒಡೆಯಿರಿ. ಹಾಲುಬಣ್ಣದ ಹುಳು ಓಡಾಡುತ್ತಿದ್ದರೆ ದಾರಿ ಬಳಕೆಯಲ್ಲಿದೆ. ಖಾಲಿಯಿದ್ದರೆ ಪಕ್ಕದಲ್ಲಿ ತಾರೀಕು ಬರೆದು ಮೂರ್ನಾಲ್ಕು ದಿನ ಬಿಡಿ. ಹಸಿಮಣ್ಣು ಮೆತ್ತಿದ್ದರೆ ಗೆದ್ದಲು ಇದೆ. ಮೆತ್ತದಿದ್ದರೂ ನಿಶ್ಚಿಂತೆ ಬೇಡ, ಬೇರೆ ದಾರಿ ಹಿಡಿದಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟನ್ನು ಬುಡದಿಂದ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದಲ್ಲಿ ಮೊನೆ ಒತ್ತಿ. ಬರೀ ಬಣ್ಣದ ಪದರ ಉಳಿದಿದ್ದರೆ ಮೊನೆ ಸಲೀಸಾಗಿ ಒಳಗಿಳಿಯುತ್ತದೆ.

ಮರದಿಂದ ಹಿಟ್ಟಿನಂಥ ನುಣುಪು ಪುಡಿ ಉದುರುತ್ತಿದ್ದರೆ ಅದು ಕುಟ್ಟೆಹುಳು, ಗೆದ್ದಲಲ್ಲ. ಸಣ್ಣ ಕಾಳಿನಂತೆ ಆರು ಮುಖದ ಹರಳು ಬಿದ್ದಿದ್ದರೆ ಒಣಮರದ ಗೆದ್ದಲು. ಅದಕ್ಕೆ ಮಣ್ಣಿನ ನಂಟೇ ಬೇಡ, ನೆಲಕ್ಕೆ ಔಷಧಿ ಹಾಕಿ ಪ್ರಯೋಜನವಿಲ್ಲ.

ಮಳೆ ಬಂದ ಸಂಜೆ ದೀಪ ಸುತ್ತುವ ರೆಕ್ಕೆಹುಳುಗಳನ್ನು ನೋಡಿ ಗಾಬರಿಯಾಗುವವರೂ ಉಂಟು. ನಾಲ್ಕೂ ರೆಕ್ಕೆ ಒಂದೇ ಉದ್ದ, ಮೀಸೆ ನೇರ, ಸೊಂಟ ದಪ್ಪ ಇದ್ದರೆ ಗೆದ್ದಲು. ಮೀಸೆ ಮೊಣಕೈಯಂತೆ ಮಡಚಿ, ಸೊಂಟ ಸಣ್ಣಗಿದ್ದರೆ ಇರುವೆ. ಹೊರಗಿನಿಂದ ದೀಪಕ್ಕೆ ಬಂದವು ಮನೆಯ ಗೆದ್ದಲೇ ಎನ್ನಲಾಗದು. ಕಿಟಕಿ ಮುಚ್ಚಿದ್ದ ಕೋಣೆಯೊಳಗೆ ಉದುರಿದ ರೆಕ್ಕೆಯ ರಾಶಿ ಸಿಕ್ಕರೆ ಮಾತ್ರ ಗೋಡೆ, ನೆಲದ ಬಿರುಕು ಹುಡುಕಿ.

ಕಂಡಕಂಡಲ್ಲಿ ಸಿಂಪಡಿಸುವ ಸ್ಪ್ರೇ ಹುಳುವನ್ನು ಪಕ್ಕದ ಕೋಣೆಗೆ ಓಡಿಸಬಹುದು. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಎಂಬ ಗೆದ್ದಲು ಔಷಧಿ ಹಾಕಿರುವಲ್ಲಿ ವಿಷವಿದೆಯೆಂದು ಗೆದ್ದಲಿಗೆ ತಿಳಿಯದು. ಅದರಲ್ಲೇ ಓಡಾಡಿ, ಮೈ ನೆಕ್ಕುತ್ತಾ ಉಳಿದವಕ್ಕೂ ದಾಟಿಸುತ್ತವೆ. ಗೋಡೆ-ನೆಲ ಕೂಡುವಲ್ಲಿ 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆಸಿ, ನೆಲ ಹೀರುವಷ್ಟು, ತೂತಿಗೆ ಹೆಚ್ಚೆಂದರೆ 1 ಲೀಟರ್ ದ್ರಾವಣ ಹಾಕಿಸಿ, ಸಿಮೆಂಟಿನಿಂದ ಮುಚ್ಚಿಸಿ. ಎಷ್ಟು ನೀರಿಗೆ ಎಷ್ಟು ಎಂಬುದಕ್ಕೆ ಡಬ್ಬಿಯ ಚೀಟಿಯೇ ಪ್ರಮಾಣ. ಬಾವಿ, ನೀರಿನ ತೊಟ್ಟಿ, ಪೈಪು, ವೈರು ಎಲ್ಲಿವೆಯೆಂದು ಕೊರೆಯುವ ಮುಂಚೆಯೇ ಗುರುತು ಹಾಕಿ.

ಸೋರುವ ನಲ್ಲಿ, ಗೋಡೆಗೆ ಒತ್ತಿ ಪೇರಿಸಿದ ರಟ್ಟಿನ ಡಬ್ಬ ಹಾಗೇ ಇದ್ದರೆ ಔಷಧಿಯ ಬಲ ಇಳಿದಂತೆ ಗೆದ್ದಲು ಮತ್ತೆ ಅಲ್ಲಿಗೇ ಬರುತ್ತದೆ. ಔಷಧಿ ಹಾಕಿಸುವ ವಾರ ನಲ್ಲಿಯನ್ನೂ ರಿಪೇರಿ ಮಾಡಿಸಿ.